ಡಾಂಬರಿನ ಕಪ್ಪು: ಅಸ್ಫಾಲ್ಟೀನಿನ ವಿಚಾರ



ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಹಾದಿಯನ್ನಾಗಲಿ, ಬೀಳಗಿಯ ಹಾದಿಯನ್ನಾಗಲಿ, ರಬಕವಿ-ಬನಹಟ್ಟಿಯ ಪೇಟೆಯ ಹಾದಿಯನ್ನಾಗಲಿ ನಾವೆಲ್ಲರೂ ದಿನಾಲು ತುಳಿಯುವೆವು. ಆದರೆ ತುಳಿಯುವದು ಎಂಥ ಪದಾರ್ಥವೆಂದು ಕೇಳುವವರು ವಿರಳ. ಬೇಸಿಗೆಯ ನಡುಹಗಲಿನಲ್ಲಿ ಅದು ಮೆತ್ತಗಾಗಿ ಚಪ್ಪಲಿಗೆ ಅಂಟುವದು. ಚಳಿಗಾಲದ ಬೆಳಗಿನಲ್ಲಿ ಕಲ್ಲಿನಂತೆ ಬಿಗಿದಿರುವದು. ಹಳೆಯದಾದ ಮೇಲೆ ಬಿರಿದು ಹೆಂಟೆಹೆಂಟೆಯಾಗಿ ಏಳುವದು. ಒಂದೇ ಪದಾರ್ಥಕ್ಕೆ ಈ ಮೂರು ಗುಣಗಳು ಹೇಗೆ ಬಂದವೆಂಬದನ್ನು ವಿಚಾರಿಸುವದೇ ಈ ಪಾಠದ ಉದ್ದೇಶವಾಗಿದೆ.

ಈ ಪಾಠವು ಹುಟ್ಟಿದ್ದು ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುವದು ಯೋಗ್ಯ. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯ ತಾಯಿ ರಸ್ತೆಯ ಕೆಲಸಕ್ಕೆ ಹೋಗುವವಳು. ಒಂದು ದಿನ ಆ ಹುಡುಗಿಯು ತಾಯಿ ತಲೆಗೆ ಸುತ್ತಿಕೊಳ್ಳುವ ಅರಿವೆಯನ್ನು ವರ್ಗಕ್ಕೆ ತಂದಳು. ಅದಕ್ಕೆ ಡಾಂಬರು ಸಿಡಿದಿತ್ತು. ನೀರು ಸಾಬೂನುಗಳಿಂದ ಕಲೆ ಹೋಗಲಿಲ್ಲ. ಚಿಮಣಿ ಎಣ್ಣೆಯಲ್ಲಿ ಅದ್ದಿ ತಿಕ್ಕಿದಾಗ ಬಹುಭಾಗ ಕಂದು ಬಣ್ಣವಾಗಿ ಬಿಟ್ಟಿತು. ಆದರೆ ನೂಲಿನ ಸಂದುಗಳಲ್ಲಿ ಕರಿಯ ಕಸರು ಉಳಿದೇ ಉಳಿಯಿತು. ಹೀಗೇಕೆಂದು ಆಕೆ ಕೇಳಿದಳು. ನಾವು ನಮ್ಮ ಶಿಕ್ಷಣದ ಕಾಲದ ಹಳೆಯ ಟಿಪ್ಪಣಿಯ ಬಲದಿಂದ, "ಉಳಿದದ್ದು ಅಸ್ಫಾಲ್ಟೀನ್ ಎಂಬ ಪದಾರ್ಥ. ಅದರ ಅಣು ಬಲು ದೊಡ್ಡದು. ಅದರ ತೂಕ ಸಾವಿರಗಟ್ಟಲೆ. ಆದುದರಿಂದ ಅದು ಕರಗದು" ಎಂದು ಉತ್ತರ ಕೊಟ್ಟೆವು. ಹುಡುಗಿಯು ಕುಳಿತುಕೊಳ್ಳಲಿಲ್ಲ. "ಅಕ್ಕೋರ, ಅಷ್ಟು ದೊಡ್ಡದಿದ್ದರ, ಕಾಸಿದ ಕೂಡ್ಲೆ ನೀರಿನ್ಹಂಗ ಯಾಕ ಹರಿತೈತಿರಿ? ನಮ್ಮವ್ವ ಝಾರಿಲೆ ಸುರೂತಾಳ" ಎಂದಳು.

ನಮಗೆ ಆಗ ಉತ್ತರ ತೋಚಲಿಲ್ಲ. ಕೆಲವು ದಿನಗಳ ಅವಕಾಶವನ್ನು ಕೇಳಿಕೊಂಡು ಓದಿದೆವು. ಓದಿದ ಮೇಲೆ ತಿಳಿದದ್ದೇನಂದರೆ, ನಮ್ಮ ಟಿಪ್ಪಣಿಯೇ ತಪ್ಪು, ಹುಡುಗಿಯ ಸಂಶಯವೇ ಸರಿ. ಆಕೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

1. ಹೆಸರು ಮತ್ತು ಮೂಲ

ಜನರು ಡಾಂಬರು ಎಂದು ಕರೆಯುವ ಪದಾರ್ಥಗಳು ಎರಡು. ಒಂದು, ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಸಿದಾಗ ಬರುವದು. ಎರಡನೆಯದು, ನೆಲದಾಳದಿಂದ ತೆಗೆದ ಕಚ್ಚಾ ಕಲ್ಲೆಣ್ಣೆಯನ್ನು ಭಟ್ಟಿ ಇಳಿಸಿ, ಪೆಟ್ರೋಲ್, ಚಿಮಣಿ ಎಣ್ಣೆ, ಡೀಸೆಲ್ ಮುಂತಾದವುಗಳನ್ನು ಬೇರ್ಪಡಿಸಿದ ತರುವಾಯ ತಳದಲ್ಲಿ ಉಳಿಯುವ ಗಷ್ಟು. ಈ ಎರಡನೆಯದಕ್ಕೆ ಬಿಟುಮಿನ್ ಎಂದು ಹೆಸರು. ಇಂದು ನಮ್ಮ ಹಾದಿಗಳಿಗೆ ಹಾಕುವದು ಇದನ್ನೇ. ಕೆಲವು ದೇಶಗಳಲ್ಲಿ ಇದು ತಾನಾಗಿಯೇ ನೆಲದಿಂದ ಒಸರುವದುಂಟು. ಮೊಹೆಂಜೊದಾರೋದ ದೊಡ್ಡ ಸ್ನಾನಕುಂಡವು ಸೋರದಂತೆ ಅದರ ಗೋಡೆಗೆ ಇದನ್ನೇ ಹಚ್ಚಿದ್ದರು. ಬಾಬೆಲಿನ ಗೋಪುರವನ್ನು ಕಟ್ಟಿದವರು ಸುಣ್ಣಕ್ಕೆ ಬದಲಾಗಿ ಬಳಸಿದರೆಂದು ಸತ್ಯವೇದದಲ್ಲಿ ನೀವು ಓದಿದ ಕಲ್ಲರಗು ಇದೇ ಜಾತಿಯದು.

ನಮ್ಮ ರಾಜ್ಯದಲ್ಲಿ ಇದನ್ನು ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಅಲ್ಲಿಯ ಎಣ್ಣೆ ಶುದ್ಧೀಕರಣದ ಕಾರಖಾನೆಯು 1996ರಲ್ಲಿ ಪ್ರಾರಂಭವಾಯಿತು, ವರುಷಕ್ಕೆ 1.5 ಕೋಟಿ ಟನ್ನು ಕಚ್ಚಾ ಎಣ್ಣೆಯನ್ನು ಶುದ್ಧಮಾಡುವ ಶಕ್ತಿ ಅದಕ್ಕಿದೆ. ಬೇರೆ ಬೇರೆ ದೇಶಗಳ ಎಣ್ಣೆ ಹಡಗಿನಲ್ಲಿ ಅಲ್ಲಿಗೆ ಬರುವದು. ಉಳಿದ ಸರಕುಗಳೊಂದಿಗೆ ಬಿಟುಮಿನ್ ಕೂಡ ಅಲ್ಲಿಂದ ಹೊರಡುವದು. ಇದಲ್ಲದೆ ಆಪತ್ಕಾಲಕ್ಕಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನು ಕಚ್ಚಾ ಎಣ್ಣೆಯನ್ನು ತುಂಬಿಡಲು ನೆಲದೊಳಗಿನ ಬಂಡೆಯನ್ನು ಕೊರೆದು ಗವಿಗಳನ್ನು ಮಾಡಿದ್ದಾರೆ.

ಅಸ್ಫಾಲ್ಟೀನ್ ಎಂಬ ಹೆಸರನ್ನು ಇಟ್ಟವನು ಫ್ರಾನ್ಸಿನ ರಸಾಯನಜ್ಞ ಬೂಸಂಗೋ. ಅವನು 1837ರಲ್ಲಿ ಅಲ್ಸಾಸ್ ಪ್ರಾಂತದ ಪೆಶೆಲ್‌ಬ್ರಾನ್ ಎಂಬಲ್ಲಿಯ ಬಿಟುಮಿನನ್ನು ಕಾಸಿದನು. ಆವಿಯಾಗಿ ಹೊರಬಿದ್ದ ಎಣ್ಣೆಗೆ ಪೆಟ್ರೊಲೀನ್ ಎಂತಲೂ, ಹಿಂದುಳಿದ ಹೊಳೆಯುವ ಕರಿಯ ಗಟ್ಟಿ ಪದಾರ್ಥಕ್ಕೆ ಅಸ್ಫಾಲ್ಟೀನ್ ಎಂತಲೂ ಹೆಸರಿಟ್ಟನು.

2. ಗುರುತಿಸುವ ಬಗೆ

ನೀರು ಎಂದರೆ ಒಂದೇ ಬಗೆಯ ಅಣು; ಸಕ್ಕರೆ ಎಂದರೂ ಒಂದೇ ಬಗೆಯ ಅಣು. ಅಸ್ಫಾಲ್ಟೀನ್ ಹಾಗಲ್ಲ. ಅದು ಸಾವಿರಾರು ಬಗೆಯ ಅಣುಗಳ ಒಂದು ಸಮುದಾಯ. ಅವುಗಳನ್ನು ಒಂದೇ ಹೆಸರಿನಿಂದ ಕರೆಯುವದು ಅವುಗಳ ರೂಪದಿಂದಲ್ಲ, ನಡತೆಯಿಂದ. ಕಚ್ಚಾ ಎಣ್ಣೆಗೆ ಅದರ ಅನೇಕ ಪಟ್ಟು ಹೆಪ್ಟೇನ್ ಎಂಬ ತಿಳಿಯಾದ ದ್ರವವನ್ನು ಬೆರಸಿದರೆ ಕಂದುಗಪ್ಪಾದ ಪುಡಿಯು ತಳಕ್ಕೆ ಇಳಿಯುವದು. ಆ ಪುಡಿಯನ್ನು ಸೋಸಿ ಟೊಲ್ವೀನ್ ಎಂಬ ಬೇರೊಂದು ದ್ರವದಲ್ಲಿ ಹಾಕಿದರೆ ಪೂರ್ಣ ಕರಗುವದು. ಹೆಪ್ಟೇನಿನಲ್ಲಿ ಕರಗದೆ ಟೊಲ್ವೀನಿನಲ್ಲಿ ಕರಗುವದೆಲ್ಲವೂ ಅಸ್ಫಾಲ್ಟೀನ್. ಇದೇ ಅದರ ಲಕ್ಷಣ.

ಇದಕ್ಕೆ ಕಾರಣವು ಸುಲಭವಾಗಿದೆ. ಹೆಪ್ಟೇನಿನ ಅಣುವು ಏಳು ಇಂಗಾಲದ ಪರಮಾಣುಗಳ ಒಂದು ನೆಟ್ಟನೆಯ ಸರಪಳಿ. ಟೊಲ್ವೀನಿನ ಅಣುವು ಆರು ಇಂಗಾಲಗಳ ಚಪ್ಪಟೆ ಉಂಗುರ. ಅದಕ್ಕೆ ಒಂದು ಸಣ್ಣ ಬಾಲ. ಅಸ್ಫಾಲ್ಟೀನಿನಲ್ಲಿಯೂ ಇಂಥ ಚಪ್ಪಟೆ ಉಂಗುರಗಳೇ ಪ್ರಧಾನ. ಸಮಾನರು ಸಮಾನರೊಡನೆ ಬೆರೆಯುವರು. ನಮ್ಮ ವಿದ್ಯಾರ್ಥಿನಿಯ ಅರಿವೆಯಲ್ಲಿ ಆದದ್ದೂ ಇದೇ. ಚಿಮಣಿ ಎಣ್ಣೆಯಲ್ಲಿ ಸರಪಳಿಗಳು ಹೆಚ್ಚು, ಉಂಗುರಗಳು ಕಡಿಮೆ. ಅದು ಡಾಂಬರಿನ ಎಣ್ಣೆಯ ಭಾಗವನ್ನು ಎಳೆದುಕೊಂಡು ಹೋಯಿತು; ಕಪ್ಪಿನ ಒಂದಂಶವನ್ನು ನೂಲಿನಲ್ಲಿ ಬಿಟ್ಟಿತು.

ಬಿಟುಮಿನಿನಲ್ಲಿ ನಾಲ್ಕು ಭಾಗಗಳುಂಟು: ಸರಪಳಿಯ ಎಣ್ಣೆಗಳು, ಉಂಗುರದ ಎಣ್ಣೆಗಳು, ರಾಳಗಳು, ಅಸ್ಫಾಲ್ಟೀನುಗಳು. ಅಸ್ಫಾಲ್ಟೀನಿನ ಪ್ರಮಾಣವು ಸಾಧಾರಣವಾಗಿ ನೂರಕ್ಕೆ 5ರಿಂದ 25ರ ವರೆಗೆ ಇರುವದು. ಡಾಂಬರಿಗೆ ಬಿಗಿಯನ್ನು ಕೊಡುವದು ಮುಖ್ಯವಾಗಿ ಈ ಭಾಗವೇ.

3. ಅಣುವಿನ ರಚನೆ

ಜೇನುಹಲ್ಲೆಯ ಆರು ಮೂಲೆಯ ಕೋಣೆಗಳನ್ನು ನೆನಪಿಗೆ ತಂದುಕೊಳ್ಳಿರಿ. ಒಂದು ಕೋಣೆಯ ಗೋಡೆಯೇ ಪಕ್ಕದ ಕೋಣೆಗೂ ಗೋಡೆ. ಇಂಗಾಲದ ಉಂಗುರಗಳು ಹೀಗೆಯೇ ಒಂದಕ್ಕೊಂದು ಹತ್ತಿಕೊಂಡು, ಸುಮಾರು ಆರೇಳು ಕೂಡಿ, ಒಂದು ಚಪ್ಪಟೆ ಹಾಳೆಯಾಗುವವು. ಇದು ಅಸ್ಫಾಲ್ಟೀನ್ ಅಣುವಿನ ನಡುಭಾಗ. ಈ ಹಾಳೆಯ ಅಂಚಿನಿಂದ ಇಂಗಾಲ ಜಲಜನಕಗಳ ಸರಪಳಿಗಳು ಹೊರಗೆ ಚಾಚಿಕೊಂಡಿರುವವು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಹುಡುಗಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ನಡುವೆ ಒತ್ತಾಗಿ ನೇಯ್ದ ಅರಿವೆ, ಸುತ್ತಲೂ ಸಡಿಲವಾದ ಗೊಂಡೆ.

ಇಂಗಾಲ ಜಲಜನಕಗಳಲ್ಲದೆ ಗಂಧಕ, ಸಾರಜನಕ, ಆಮ್ಲಜನಕಗಳೂ ಅಲ್ಲಲ್ಲಿ ಸೇರಿರುವವು. ವನೇಡಿಯಂ, ನಿಕೆಲ್ ಎಂಬ ಲೋಹಗಳೂ ಸ್ವಲ್ಪ ಪ್ರಮಾಣದಲ್ಲಿ ಸಿಗುವವು. ಲೋಹಗಳು ಎಣ್ಣೆಗೆ ಎಲ್ಲಿಂದ ಬಂದವು? 1934ರಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಎಂಬ ವಿದ್ವಾಂಸನು ಕಲ್ಲೆಣ್ಣೆಯಲ್ಲಿ ಪಾರ್ಫಿರಿನ್ ಎಂಬ ಪದಾರ್ಥವನ್ನು ಗುರುತಿಸಿ, ಅದು ಸಸ್ಯಗಳ ಹಸಿರಿನಿಂದ ಹುಟ್ಟಿದ್ದೆಂದು ತೋರಿಸಿದನು. ಎಲೆಯ ಹಸಿರಿನ ಅಣುವಿನ ನಡುವೆ ಮೆಗ್ನೀಸಿಯಂ ಇರುವದು. ಕೋಟ್ಯವಧಿ ವರುಷ ನೆಲದಲ್ಲಿ ಹುಗಿದುಹೋದ ಬಳಿಕ ಅದರ ಚೌಕಟ್ಟು ಉಳಿದು, ಮೆಗ್ನೀಸಿಯಂ ಹೋಗಿ ವನೇಡಿಯಮ್ಮೋ ನಿಕೆಲ್ಲೋ ಬಂದು ಕುಳಿತಿತು. ನಾವು ತುಳಿಯುವ ಕಪ್ಪಿನಲ್ಲಿ ಪುರಾತನ ಹಸಿರಿನ ಗುರುತು ಇನ್ನೂ ಅಡಗಿದೆ.

4. ತೂಕದಲ್ಲಿಯ ತಪ್ಪು

ಈಗ ನಮ್ಮ ತಪ್ಪಿನ ವಿಚಾರ. ಜಲಜನಕದ ಒಂದು ಪರಮಾಣುವಿನ ತೂಕವನ್ನು 1 ಎಂದು ಹಿಡಿದರೆ ನೀರಿನ ಅಣುವಿನ ತೂಕ 18, ನಮ್ಮ ಕಬ್ಬಿನ ಸಕ್ಕರೆಯ ಅಣುವಿನ ತೂಕ 342. ಅಸ್ಫಾಲ್ಟೀನಿನದು ಎಷ್ಟು? ಬಹುಕಾಲದ ವರೆಗೆ ಕೆಲವರು ಕೆಲವು ಸಾವಿರವೆಂದೂ, ಕೆಲವರು ಲಕ್ಷದ ವರೆಗೂ ಹೇಳುತ್ತಿದ್ದರು. ಇಂದಿನ ಮಾಪನದ ಪ್ರಕಾರ ಅದು ಸರಾಸರಿ ಸುಮಾರು 750 ಮಾತ್ರ. ಬಹುಪಾಲು ಅಣುಗಳು 500ರಿಂದ 1000ದೊಳಗೆ ಇರುವವು. ಅಂದರೆ ಸಕ್ಕರೆಯ ಅಣುವಿನ ಎರಡರಷ್ಟರಿಂದ ಸ್ವಲ್ಪವೇ ಹೆಚ್ಚು.

ಬಲ್ಲವರು ಇಷ್ಟು ತಪ್ಪಿದ್ದು ಹೇಗೆ? ಜಾತ್ರೆಗೆ ಬರುವ ಜನರನ್ನು ದೂರದ ಗುಡ್ಡದ ಮೇಲೆ ನಿಂತು ಎಣಿಸುವೆವೆಂದು ತಿಳಿಯಿರಿ. ಅಲ್ಲಿಂದ ಕಾಣುವವು ಚಕ್ಕಡಿಗಳು ಮಾತ್ರ. ಚಕ್ಕಡಿಯನ್ನೇ ಒಬ್ಬ ಮನುಷ್ಯನೆಂದು ಎಣಿಸಿದರೆ ಆ ಮನುಷ್ಯನ ತೂಕ ಎಷ್ಟಾಗಬೇಡ! ಹಳೆಯ ಮಾಪನ ಕ್ರಮಗಳಲ್ಲಿ ಕೆಲವು, ದ್ರಾವಣದಲ್ಲಿ ಬಿಡಿಬಿಡಿಯಾಗಿ ಅಲೆಯುವ ಕಣಗಳನ್ನು ಎಣಿಸುವಂಥವು. ಅಸ್ಫಾಲ್ಟೀನ್ ಅಣುಗಳಾದರೋ ಬಲು ತೆಳುವಾದ ದ್ರಾವಣದಲ್ಲಿಯೂ ಒಂದನ್ನೊಂದು ಹಿಡಿದುಕೊಂಡೇ ಇರುವವು. ಹಿಡಿದುಕೊಂಡ ಗುಂಪನ್ನೇ ಒಂದು ಅಣುವೆಂದು ಎಣಿಸಿದ್ದರಿಂದ ಸಾವಿರಗಟ್ಟಲೆಯ ಲೆಕ್ಕ ಬಂದಿತು.

1999ರಲ್ಲಿ ಗ್ರೊಯೆನ್‌ಜಿನ್ ಮತ್ತು ಮಲ್ಲಿನ್ಸ್ ಎಂಬವರು ಬೇರೊಂದು ಹಾದಿ ಹಿಡಿದರು. ಅತಿ ತೆಳುವಾದ ದ್ರಾವಣದಲ್ಲಿ ಅಣುವಿನ ಮೇಲೆ ಬೆಳಕನ್ನು ಹಾಯಿಸಿ, ಅದು ಎಷ್ಟು ಬೇಗನೆ ತಿರುಗುವದೆಂದು ಅಳೆದರು. ಬುಗರಿ ಬೇಗನೆ ತಿರುಗುವದು, ಬೀಸುಕಲ್ಲು ನಿಧಾನ. ಅಸ್ಫಾಲ್ಟೀನ್ ಬುಗರಿಯಂತೆ ತಿರುಗಿತು. 2015ರಲ್ಲಿ ಜ್ಯೂರಿಕ್ ಪಟ್ಟಣದ ಬಳಿಯ ಐಬಿಎಂ ಪ್ರಯೋಗಾಲಯದವರು ಇನ್ನೂ ಆಶ್ಚರ್ಯದ ಕೆಲಸ ಮಾಡಿದರು. ಸೂಜಿಯ ಮೊನೆಗೆ ಕಾರ್ಬನ್ ಮೊನಾಕ್ಸೈಡಿನ ಒಂದೇ ಅಣುವನ್ನು ಅಂಟಿಸಿ, ಅತಿ ಶೀತದಲ್ಲಿ, ನೂರಕ್ಕೂ ಮಿಕ್ಕಿದ ಅಸ್ಫಾಲ್ಟೀನ್ ಅಣುಗಳನ್ನು ಒಂದೊಂದಾಗಿ ತಡವಿ ನೋಡಿ, ಅವುಗಳ ಚಿತ್ರಗಳನ್ನು ಪಡೆದರು. ನಡುವೆ ಉಂಗುರಗಳ ಹಾಳೆ, ಅಂಚಿಗೆ ಸರಪಳಿ. ಹೆಚ್ಚಿನವು ಹೀಗೆಯೇ ಇದ್ದವು. ಎರಡು ಮೂರು ಹಾಳೆಗಳು ಸರಪಳಿಯಿಂದ ಜೋಡಿಸಲ್ಪಟ್ಟ ಅಣುಗಳೂ ಉಂಟು. ಯಾವ ಎಣ್ಣೆಯಲ್ಲಿ ಯಾವ ಬಗೆ ಎಷ್ಟೆಂಬ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇನ್ನೂ ನಡೆದಿದೆ.

5. ಅಣುಗಳ ಕೂಟ

ಚಪ್ಪಟೆ ಹಾಳೆಗಳು ಒಂದರ ಮೇಲೊಂದು ಕುಳಿತುಕೊಳ್ಳಲು ಹವಣಿಸುವವು. 1961ರಲ್ಲಿ ಯೆನ್ ಎಂಬ ವಿದ್ವಾಂಸನೂ ಅವನ ಜೊತೆಗಾರರೂ ಎಕ್ಸ್-ಕಿರಣಗಳ ಸಹಾಯದಿಂದ ಇದನ್ನು ಕಂಡರು. ನಮ್ಮ ಮನೆಯ ಬುಟ್ಟಿಯಲ್ಲಿ ಜೋಳದ ರೊಟ್ಟಿಗಳನ್ನು ಒಟ್ಟಿದಂತೆ ಇದು. ಆದರೆ ರೊಟ್ಟಿಗಳನ್ನು ಎಷ್ಟಾದರೂ ಒಟ್ಟಬಹುದು; ಇಲ್ಲಿ ಹಾಗಾಗದು. ಸುಮಾರು ಆರು ಅಣುಗಳು ಕೂಡಿದ ಮೇಲೆ ಹೊರಗೆ ಚಾಚಿದ ಗೊಂಡೆಗಳು ಅಡ್ಡಬಂದು ಹೊಸ ಅಣುವನ್ನು ತಡೆಯುವವು. ಈ ಸಣ್ಣ ಅಡಕಲಿನ ಅಗಲ ಸುಮಾರು 2 ನ್ಯಾನೊಮೀಟರು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ನ್ಯಾನೊಮೀಟರು ಎಂದು ಹೆಸರು. ಇಂಥ ಸುಮಾರು ಎಂಟು ಅಡಕಲುಗಳು ಸೇರಿ ಸುಮಾರು 5 ನ್ಯಾನೊಮೀಟರಿನ ಒಂದು ಗೊಂಚಲಾಗುವದು. ಅಣು, ಅಡಕಲು, ಗೊಂಚಲು ಎಂಬ ಈ ಮೂರು ಮಜಲುಗಳ ವರ್ಣನೆಯು 2010ರಲ್ಲಿ ಮಲ್ಲಿನ್ಸನಿಂದ ಪರಿಷ್ಕಾರವಾಗಿ ಈಗ ಯೆನ್-ಮಲ್ಲಿನ್ಸ್ ಮಾದರಿಯೆಂದು ಪ್ರಸಿದ್ಧವಾಗಿದೆ.

ಇದರ ಮೇಲಿಂದ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುವದು. ಅಣುವಿನೊಳಗಿನ ಪರಮಾಣುಗಳ ಬಂಧ ಬಲವಾದದ್ದು. ಅಣು ಅಣುಗಳ ನಡುವಿನ ಹಿಡಿತ ಅದಕ್ಕಿಂತ ಬಹಳ ದುರ್ಬಲ. ಕಾಸಿದಾಗ ಅಣುಗಳ ಚಲನೆ ಹೆಚ್ಚಿ ಈ ಹಿಡಿತವು ಸಡಿಲಾಗುವದು, ಅಣುಗಳು ಒಂದರ ಪಕ್ಕದಿಂದೊಂದು ಜಾರುವವು, ಡಾಂಬರು ಹರಿಯುವದು. ಆರಿದಾಗ ಮತ್ತೆ ಹಿಡಿದುಕೊಳ್ಳುವವು. ಒಂದೇ ದೊಡ್ಡ ಅಣುವಾಗಿದ್ದರೆ ಅದು ಮುರಿಯಬೇಕಾಗುತ್ತಿತ್ತು. ಇಲ್ಲಿ ಮುರಿಯುವದೇನೂ ಇಲ್ಲ. ಬಿಡುವದು, ಹಿಡಿಯುವದು ಇಷ್ಟೇ.

6. ಬಾವಿಯಲ್ಲಿ ಮತ್ತು ಕಾರಖಾನೆಯಲ್ಲಿ

ಹಾಲಿನೊಳಗೆ ಗಿಣ್ಣಿನ ಅಂಶವು ಕಾಣದಂತೆ ತೇಲಿಕೊಂಡಿರುವದು; ನಿಂಬೆಯ ಹುಳಿ ಬಿದ್ದರೆ ಒಡೆದು ಬೇರೆಯಾಗುವದು. ಕಚ್ಚಾ ಎಣ್ಣೆಯೂ ಹೀಗೆ ಒಡೆಯುವದುಂಟು. ರಾಳಗಳು ಅಸ್ಫಾಲ್ಟೀನನ್ನು ಸುತ್ತುವರಿದು ತೇಲಿಸುವವೆಂದು 1920ರ ದಶಕದಲ್ಲಿ ಹಾಲೆಂಡಿನ ನೆಲೆನ್‌ಸ್ಟೈನ್ ಹೇಳಿದನು. ಸುತ್ತಲಿನ ಎಣ್ಣೆಯೆಲ್ಲವೂ ಕೂಡಿಯೇ ಅದನ್ನು ಕರಗಿಸಿ ಹಿಡಿಯುವದೆಂದು ಇಂದು ಹೆಚ್ಚು ಒತ್ತಿ ಹೇಳುವರು.

ನೆಲದಾಳದಲ್ಲಿ ಭಾರಿ ಒತ್ತಡವಿರುವದರಿಂದ ಹಗುರವಾದ ಅನಿಲಗಳು ಎಣ್ಣೆಯಲ್ಲಿ ಕರಗಿರುವವು. ಎಣ್ಣೆಯು ಕೊಳವೆಯಲ್ಲಿ ಮೇಲೇರಿದ ಹಾಗೆ ಒತ್ತಡವು ಇಳಿದು, ಆ ಅನಿಲಗಳು ಹಿಗ್ಗಿ, ಎಣ್ಣೆಗೆ ಅಸ್ಫಾಲ್ಟೀನನ್ನು ಹಿಡಿದಿಡುವ ಶಕ್ತಿ ಕುಗ್ಗುವದು. ಅನಿಲದ ಗುಳ್ಳೆಗಳು ಏಳಲು ಪ್ರಾರಂಭವಾಗುವ ಘಟ್ಟದಲ್ಲಿಯೇ ಅಪಾಯ ಅತ್ಯಧಿಕ. ಕಪ್ಪು ಕೊಳವೆಯ ಗೋಡೆಗೆ ಕಟ್ಟಿ ಹಾದಿಯನ್ನು ಮುಚ್ಚುವದು. ಆಗ ಟೊಲ್ವೀನಿನಂಥ ದ್ರವಗಳಿಂದ ತೊಳೆಯಬೇಕಾಗುವದು. ಕಾರಖಾನೆಯಲ್ಲಿ ಎರಡು ದೇಶಗಳ ಎಣ್ಣೆಗಳನ್ನು ಬೆರಸುವಾಗಲೂ ಇದೇ ಭಯ. ಪ್ರತಿಯೊಂದೂ ತನ್ನಷ್ಟಕ್ಕೆ ತಿಳಿಯಾಗಿದ್ದರೂ, ಸರಪಳಿಯ ಎಣ್ಣೆ ಹೆಚ್ಚಾಗಿ ಕೂಡಿದರೆ ಗಷ್ಟು ಇಳಿಯುವದು.

7. ನಮ್ಮ ಹಾದಿಗಳಲ್ಲಿ

ನಮ್ಮ ಭಾಗದ ಬೇಸಿಗೆಯಲ್ಲಿ ಗಾಳಿಯ ಶಾಖ 40 ಅಂಶವನ್ನು ದಾಟುವದು. ಕರಿಯ ರಸ್ತೆಯ ಮೈ 60 ಅಂಶದ ವರೆಗೆ ಕಾಯುವದು. ಆದುದರಿಂದಲೇ ರಸ್ತೆಯ ಬಿಟುಮಿನನ್ನು 60 ಅಂಶದಲ್ಲಿ ಅದು ಎಷ್ಟು ಮಂದವಾಗಿ ಹರಿಯುವದೆಂಬದರ ಮೇಲಿಂದ ವಿಜಿ-10, ವಿಜಿ-30, ವಿಜಿ-40 ಎಂದು ವರ್ಗೀಕರಿಸುವರು. ಅಂಕಿ ದೊಡ್ಡದಾದಷ್ಟು ಬಿಗಿ ಹೆಚ್ಚು. ಕಬ್ಬು ತುಂಬಿದ ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಾಯುವಲ್ಲಿ ಮೆತ್ತನೆಯ ಡಾಂಬರು ತಡೆಯದು. ಹಾಗೆಂದು ಬಿಗಿ ಅತಿಯಾದರೂ ಕೆಡಕೇ; ಅದು ಬಾಗಲಾರದೆ ಬಿರಿಯುವದು.

ವಯಸ್ಸಾದ ಡಾಂಬರು ಬಿರಿಯುವದೂ ಇದೇ ಕಾರಣದಿಂದ. ಗಾಳಿಯ ಆಮ್ಲಜನಕವು ವರುಷವರುಷಕ್ಕೆ ಅದರೊಳಗೆ ಸೇರಿ, ಉಂಗುರದ ಎಣ್ಣೆಗಳನ್ನು ರಾಳವಾಗಿಯೂ ರಾಳಗಳನ್ನು ಅಸ್ಫಾಲ್ಟೀನಾಗಿಯೂ ಮಾರ್ಪಡಿಸುವದು. ಕಪ್ಪು ಹೆಚ್ಚುವದು, ಅದನ್ನು ತೇಲಿಸುವ ಎಣ್ಣೆ ಕಡಿಮೆಯಾಗುವದು. ಬಿರುಕಿನಿಂದ ಮಳೆಯ ನೀರು ಇಳಿಯುವದು. ಇಷ್ಟಾದರೂ ಹಾದಿಯ ಪ್ರತಿಯೊಂದು ತಗ್ಗಿನ ದೋಷವನ್ನು ಡಾಂಬರಿನ ಮೇಲೆಯೇ ಹೊರಿಸಲಾಗದು. ನಮ್ಮ ಎರೆಯ ಭೂಮಿಯು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಅಡಿಪಾಯ ಸರಿಯಿಲ್ಲದಿದ್ದರೆ ಮೇಲಿನ ಕಪ್ಪು ಏನು ಮಾಡೀತು?

ಡಾಂಬರನ್ನು ಅತಿಯಾಗಿ ಕಾಸಿದರೆ ವರುಷಗಳಲ್ಲಿ ಬರಬೇಕಾದ ಮುಪ್ಪು ಗಳಿಗೆಯಲ್ಲಿ ಬರುವದು. ವಿಜಿ-30ನ್ನು ಸುಮಾರು 150ರಿಂದ 165 ಅಂಶದ ವರೆಗೆ ಕಾಸಿದರೆ ಸಾಕು. ಮಹಾಲಿಂಗಪುರದ ಸುತ್ತಿನ ಆಲೆಮನೆಗಳಲ್ಲಿ ಬೆಲ್ಲದ ಹದವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಹೊತ್ತಿದ ಪಾಕವನ್ನು ಯಾರೂ ತಿರುಗಿ ಬೆಲ್ಲ ಮಾಡಲಾರರು.

8. ಕೆಲಸಕ್ಕೆ ಹೋಗುವವರ ಸಲುವಾಗಿ

ಆ ಹುಡುಗಿಯ ತಾಯಿ ಒಂದು ದಿನ ಶಾಲೆಗೆ ಬಂದಿದ್ದಳು. ಆಕೆಯ ಮುಂಗೈಯಲ್ಲಿ ರೂಪಾಯಿಯಗಲದ ಹಳೆಯ ಕಲೆ ಇತ್ತು. ಬಿಸಿ ಡಾಂಬರು ಸಿಡಿದಾಗ ಗಾಬರಿಯಿಂದ ಅದನ್ನು ಕಿತ್ತಳಂತೆ. ಅದರೊಡನೆ ಚರ್ಮವೂ ಬಂದಿತಂತೆ. ಇದನ್ನು ಕೇಳಿದ ಮೇಲೆ, ಅಣುಗಳ ಮಾತಿನಲ್ಲಿಯೇ ಪಾಠವನ್ನು ಮುಗಿಸುವದು ನಮಗೆ ಸರಿತೋರಲಿಲ್ಲ. ನಿಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಹೋಗುವವರಿದ್ದರೆ ಅವರಿಗೆ ಇಷ್ಟನ್ನು ತಿಳಿಸಿರಿ.

ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕೀಳಬಾರದು. ಕೂಡಲೇ ತಣ್ಣೀರನ್ನು ಇಪ್ಪತ್ತು ನಿಮಿಷವಾದರೂ ಸುರಿಯಬೇಕು. ಅಂಟಿದ್ದನ್ನು ಹಾಗೆಯೇ ಬಿಟ್ಟು ವೈದ್ಯರ ಬಳಿಗೆ ಹೋಗಬೇಕು. ಅವರು ಎಣ್ಣೆಯಂಥ ಪದಾರ್ಥದಿಂದ ಮೆಲ್ಲನೆ ಬಿಡಿಸುವರು. ಸುಡದ ಚರ್ಮಕ್ಕೂ ಅರಿವೆಗೂ ಹತ್ತಿದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಒರಸಿ, ಸಾಬೂನಿನಿಂದ ತೊಳೆಯಬೇಕು. ಇದನ್ನು ಎರಡು ಮೂರು ಸಲ ಮಾಡಬೇಕು. ಪೆಟ್ರೋಲನ್ನು ಮುಟ್ಟಲೇಬಾರದು, ಅದಕ್ಕೆ ಕಿಡಿ ತಾಗಲು ತಡವಿಲ್ಲ. ಹೊಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಜಾಗತಿಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2011ರಲ್ಲಿ, ರಸ್ತೆಗೆ ಬಿಟುಮಿನ್ ಹಾಸುವವರಿಗೆ ತಾಗುವ ಹೊಗೆಯು ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳದ್ದೆಂದು ವರ್ಗೀಕರಿಸಿತು. ಆದುದರಿಂದ ಗಾಳಿ ಬರುವ ಕಡೆಗೆ ನಿಂತು ಕೆಲಸ ಮಾಡಬೇಕು. ಹದ ಮೀರಿ ಕಾಸುವದರಿಂದ ಹೊಗೆ ಹೆಚ್ಚುವದು, ರಸ್ತೆಯೂ ಕೆಡುವದು. ಒಲೆಯನ್ನು ಹದದಲ್ಲಿಟ್ಟರೆ ಎರಡಕ್ಕೂ ಹಿತ.

ನಾವು ಓದಿ ಮುಗಿಸಿದ ಮರುದಿನ ವರ್ಗದಲ್ಲಿ ಕರಿಹಲಗೆಯ ಮೇಲೆ ನಮ್ಮ ಹಳೆಯ ಉತ್ತರವನ್ನು ಬರೆದು, ಎಲ್ಲರೆದುರಿಗೆ ಅದನ್ನು ಒರಸಿ, ಹೊಸ ಉತ್ತರವನ್ನು ಬರೆದೆವು. ಹುಡುಗಿಯು ಅದನ್ನು ತನ್ನ ವಹಿಯಲ್ಲಿ ಇಳಿಸಿಕೊಂಡಳು. ವಿದ್ಯಾರ್ಥಿನಿಯರೇ, ನಿಮ್ಮ ಶಿಕ್ಷಕಿಯರು ಹೇಳಿದ್ದು ನೀವು ಕಣ್ಣಾರೆ ಕಂಡದ್ದಕ್ಕೆ ಹೊಂದದಿದ್ದರೆ ವಿನಯದಿಂದ ಎದ್ದು ನಿಂತು ಕೇಳಿರಿ. ಈ ಪಾಠವು ನಮಗೆ ದೊರೆತದ್ದು ಹಾಗೆಯೇ.

ಅಭ್ಯಾಸದ ಪ್ರಶ್ನೆಗಳು

1. ಅಸ್ಫಾಲ್ಟೀನನ್ನು ರೂಪದಿಂದಲ್ಲ, ನಡತೆಯಿಂದ ಗುರುತಿಸುವರೆಂಬ ಮಾತನ್ನು ವಿವರಿಸಿರಿ.
2. ಅಣುವಿನ ತೂಕವನ್ನು ಎಣಿಸುವದರಲ್ಲಿ ಹಿಂದಿನವರಿಗೆ ತಪ್ಪು ಬರಲು ಕಾರಣವೇನು? ನಿಮ್ಮದೇ ಒಂದು ದೃಷ್ಟಾಂತವನ್ನು ಕೊಡಿರಿ.
3. ಆರಕ್ಕಿಂತ ಬಹಳ ಹೆಚ್ಚು ಅಣುಗಳು ಒಂದೇ ಅಡಕಲಿನಲ್ಲಿ ಏಕೆ ಕೂಡಲಾರವು?
4. ನಿಮ್ಮ ಊರಿನ ಹಾದಿಯಲ್ಲಿ ಹೊಸ ಡಾಂಬರನ್ನೂ ಹಳೆಯ ಡಾಂಬರನ್ನೂ ನೋಡಿ, ಕಂಡ ಭೇದಗಳನ್ನು ಕಾರಣಸಹಿತ ಬರೆಯಿರಿ.
5. ಬಿಸಿ ಡಾಂಬರು ಕೈಮೇಲೆ ಬಿದ್ದವರಿಗೆ ಮೊದಲು ಮಾಡತಕ್ಕದ್ದೇನು, ಮಾಡಬಾರದ್ದೇನು? ಮನೆಯ ಹಿರಿಯರಿಗೆ ಓದಿ ಹೇಳಿರಿ.